ಹಳ್ಳ ದಾಟುವ ಜೀಪಿಗೆ ಹೊಸ ನೀರಿನ ಗೆರೆ: ಕಾರ್ಖಾನೆಯಿಂದ ಬಂದ ಮೇಲೆ ಹೊರಗೆ ಹಾಕಿಸಿದ ಎಂಜಿನ್ ಭಾಗಗಳನ್ನು ನೀರಿನಿಂದ ಕಾಪಾಡುವ ಕ್ರಮ

ಮಹೀಂದ್ರ ಥಾರ್ 650 ಮಿಲಿಮೀಟರ್ ಆಳದ ನೀರು ದಾಟುತ್ತದೆ ಎಂದು ಕಂಪನಿ ಹೇಳುತ್ತದೆ. ಸ್ನಾರ್ಕೆಲ್ (ಎಂಜಿನ್ನಿಗೆ ಮೇಲಿನಿಂದ ಗಾಳಿ ತರುವ ಎತ್ತರದ ಕೊಳವೆ) ಸಮೇತ ಬರುವ ಫೋರ್ಸ್ ಗೂರ್ಖಾಕ್ಕೆ 700 ಮಿಲಿಮೀಟರ್. ಎರಡೂ ಅಂಕಿ ಕಾರ್ಖಾನೆಯಿಂದ ಹೊರಬಂದ ಹಾಗೆಯೇ ಇರುವ ಗಾಡಿಯ ಲೆಕ್ಕ. ಕೋನ್ ಫಿಲ್ಟರ್, ಟ್ಯೂನಿಂಗ್ ಬಾಕ್ಸ್ (ಎಂಜಿನ್ ಶಕ್ತಿ ಹೆಚ್ಚಿಸುವ ಎಲೆಕ್ಟ್ರಾನಿಕ್ ಡಬ್ಬಿ), ಆಯಿಲ್ ಕ್ಯಾಚ್ ಕ್ಯಾನ್ (ಎಂಜಿನ್ ಉಸಿರಿನ ಎಣ್ಣೆ ಹಿಡಿಯುವ ಡಬ್ಬಿ), ಎಲೆಕ್ಟ್ರಿಕ್ ಫ್ಯಾನ್ ಎಂದು ಒಂದೊಂದೇ ಸೇರಿಸುತ್ತಾ ಹೋದ ಗಾಡಿಗೆ ಆ ಅಂಕಿಯನ್ನು ನಂಬಿಕೊಂಡು ಹಳ್ಳಕ್ಕೆ ಇಳಿಯಬಾರದು. ಹೊಸದಾಗಿ ಹಾಕಿಸಿದ ಭಾಗಗಳಲ್ಲಿ ಯಾವುದು ಎಲ್ಲಕ್ಕಿಂತ ತಗ್ಗಿನಲ್ಲಿ ಬಾಯಿ ತೆರೆದುಕೊಂಡಿದೆಯೋ ಅದೇ ನಿಮ್ಮ ಗಾಡಿಯ ಹೊಸ ನೀರಿನ ಗೆರೆ. ಆ ಗೆರೆಯನ್ನು ಹುಡುಕುವುದು, ಮೇಲಕ್ಕೆ ಎತ್ತುವುದು, ಎತ್ತಲಾಗದಿದ್ದರೆ ಅದಕ್ಕಿಂತ ಕೆಳಗೇ ಉಳಿಯುವುದು, ಈ ಮೂರು ಕೆಲಸ ಮಳೆಗಾಲ ಶುರುವಾಗುವ ಮೊದಲೇ ಮುಗಿದಿರಬೇಕು. ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ ಜೂನ್ ಬಂತೆಂದರೆ ನಿನ್ನೆ ಮೊಣಕಾಲುದ್ದ ಇದ್ದ ಹಳ್ಳ ಇವತ್ತು ಸೊಂಟದವರೆಗೆ ಬಂದಿರುತ್ತದೆ.

ಎಷ್ಟು ನೀರು ಒಳಗೆ ಹೋದರೆ ಎಂಜಿನ್ ಹಾಳಾಗುತ್ತದೆ ಎಂಬುದನ್ನು ಮೊದಲು ಲೆಕ್ಕ ಹಾಕೋಣ. 2.2 ಲೀಟರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್‌ನಲ್ಲಿ ಒಂದು ಸಿಲಿಂಡರಿಗೆ ಸುಮಾರು 550 ಮಿಲಿಲೀಟರ್ ಜಾಗ. ಕಂಪ್ರೆಶನ್ 16ಕ್ಕೆ 1 ಎಂದಿಟ್ಟುಕೊಂಡರೆ, ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ 36 ಮಿಲಿಲೀಟರ್ ಆಸುಪಾಸು. ಎರಡೂವರೆ ದೊಡ್ಡ ಚಮಚದಷ್ಟು ನೀರು ಒಳಗೆ ಸೇರಿದರೆ ಸಾಕು, ಪಿಸ್ಟನ್‌ಗೆ ಮೇಲೆ ಹೋಗಲು ಜಾಗವೇ ಇರುವುದಿಲ್ಲ. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಆಗ ಬಾಗುವುದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್. 1.5 ಲೀಟರ್ ಪೆಟ್ರೋಲ್ ಎಂಜಿನ್‌ನಲ್ಲೂ ಆ ಜಾಗ 40 ಮಿಲಿಲೀಟರ್ ಆಸುಪಾಸೇ, ಆದ್ದರಿಂದ ಪೆಟ್ರೋಲ್ ಗಾಡಿಯವರು ನಿಶ್ಚಿಂತೆಯಿಂದ ಇರುವಂತಿಲ್ಲ.

ಮೊದಲು ಟೇಪ್ ಹಿಡಿಯಿರಿ

ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಟೈರಿನ ಗಾಳಿ ನೀವು ಆಫ್‌ರೋಡಿಗೆ ಇಳಿಸುವಷ್ಟಕ್ಕೇ ಇಳಿಸಿ. ಬಾನೆಟ್ ತೆಗೆದು ನೆಲದಿಂದ ಈ ಜಾಗಗಳ ಎತ್ತರ ಅಳೆದು ಬರೆದುಕೊಳ್ಳಿ: ಗಾಳಿ ಒಳಗೆ ಎಳೆಯುವ ಬಾಯಿ, ಏರ್‌ಬಾಕ್ಸಿನ (ಗಾಳಿ ಫಿಲ್ಟರ್ ಕೂರುವ ಡಬ್ಬಿ) ತಳದ ತೂತು, ಏರ್‌ಬಾಕ್ಸ್ ಮುಚ್ಚಳದ ಅಂಚು, ಕ್ಯಾಚ್ ಕ್ಯಾನಿನ ಉಸಿರು ಫಿಲ್ಟರ್, ಟ್ಯೂನಿಂಗ್ ಬಾಕ್ಸ್, ಪ್ರತಿ ರಿಲೇ ಮತ್ತು ಫ್ಯೂಸ್ ಡಬ್ಬಿ, ಆಲ್ಟರ್ನೇಟರ್, ಎಲೆಕ್ಟ್ರಿಕ್ ಫ್ಯಾನಿನ ಮೋಟರ್, ಆಕ್ಸಲ್ ಮತ್ತು ಗೇರ್‌ಬಾಕ್ಸ್ ಬ್ರೀದರ್ (ಒಳಗಿನ ಗಾಳಿ ಹೋಗಿ ಬರುವ) ಪೈಪಿನ ತುದಿ.

ಇವುಗಳಲ್ಲಿ ಆಲ್ಟರ್ನೇಟರ್ ಮತ್ತು ಫ್ಯಾನ್ ಮೋಟರ್ ಸ್ವಲ್ಪ ಹೊತ್ತು ನೀರು ತಡೆದುಕೊಳ್ಳುತ್ತವೆ. ಉಳಿದ ಯಾವುದೂ ತಡೆಯುವುದಿಲ್ಲ. ಉಳಿದವುಗಳಲ್ಲಿ ಅತಿ ಕಡಿಮೆ ಬಂದ ಅಂಕಿಯಿಂದ 150 ಮಿಲಿಮೀಟರ್ ಕಳೆಯಿರಿ. ಗಾಡಿ ಮುಂದೆ ಸಾಗುವಾಗ ಏಳುವ ಅಲೆಗೆ, ನೀರಿನಡಿ ಕಾಣದ ಗುಂಡಿಗೆ, ಒಂದು ಚಕ್ರ ಕಲ್ಲಿನ ಮೇಲೆ ಹತ್ತಿ ಗಾಡಿ ವಾಲುವುದಕ್ಕೆ ಅಷ್ಟು ಅಂತರ ಬೇಕೇ ಬೇಕು. ಉಳಿದ ಎತ್ತರಕ್ಕೆ ಬಾಗಿಲಿನ ಮೇಲೆ ಬಣ್ಣದ ಟೇಪಿನ ಸಣ್ಣ ಗುರುತು ಹಾಕಿ. ಒಂದು ಕೋಲಿಗೂ ಅದೇ ಎತ್ತರದಲ್ಲಿ ಗುರುತು ಮಾಡಿಟ್ಟುಕೊಂಡರೆ ಹಳ್ಳದಲ್ಲಿ ಊರಿ ನೋಡಲು ಆಗುತ್ತದೆ. ಲಿಫ್ಟ್ ಕಿಟ್ ಹಾಕಿಸಿದ್ದರೆ, ಟೈರ್ ಸೈಜ್ ಬದಲಿಸಿದ್ದರೆ ಮತ್ತೆ ಅಳೆಯಬೇಕು.

ಗಾಳಿಯ ದಾರಿ: ಸ್ನಾರ್ಕೆಲ್ ಎಂದರೆ ಬರೀ ಕೊಳವೆಯಲ್ಲ

ದುಡ್ಡು ಹೆಚ್ಚು ಖರ್ಚಾಗುವ ತಪ್ಪುಗಳು ಆಗುವುದು ಇಲ್ಲೇ. ಮುಂಗಾಜಿನ ಕಂಬದ ಪಕ್ಕ ನೆಟ್ಟಗೆ ನಿಂತ ಸ್ನಾರ್ಕೆಲ್ ಕಂಡರೆ ಗಾಡಿ ನೀರಿಗೆ ಸಿದ್ಧ ಎಂದುಕೊಳ್ಳುತ್ತಾರೆ. ಆದರೆ ಆ ಕೊಳವೆಯ ಮೇಲ್ತುದಿಯಿಂದ ಎಂಜಿನ್ನಿಗೆ ಗಾಳಿ ಒತ್ತಿ ಕೊಡುವ ಟರ್ಬೊವರೆಗೆ ಹತ್ತಾರು ಜೋಡಣೆಗಳಿವೆ, ಅದರಲ್ಲಿ ಒಂದು ಸಡಿಲವಿದ್ದರೂ ಎಂಜಿನ್ ಗಾಳಿ ಎಳೆಯುವುದು ಆ ಸಂದಿನಿಂದಲೇ. ನೀರಿನೊಳಗೆ ಮುಳುಗಿದ ಸಂದಿನಿಂದ ನೀರನ್ನೂ ಎಳೆಯುತ್ತದೆ.

ಕಾರ್ಖಾನೆಯ ಏರ್‌ಬಾಕ್ಸಿನ ತಳದಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ತೂತು ಇಲ್ಲವೇ ರಬ್ಬರ್ ಕೊಕ್ಕಿನಂಥ ವಾಲ್ವ್ ಇರುತ್ತದೆ. ಮಳೆನೀರು ಒಳಗೆ ಬಂದರೆ ಹೊರಹೋಗಲಿ ಎಂದು ಇಟ್ಟದ್ದು. ಸ್ನಾರ್ಕೆಲ್ ಹಾಕುವವರು ಬಹಳಷ್ಟು ಸಲ ಇದನ್ನು ಹಾಗೇ ಬಿಡುತ್ತಾರೆ. ಹಳ್ಳದಲ್ಲಿ ಇದೇ ತೂತು ನೀರಿಗೆ ಬಾಗಿಲಾಗುತ್ತದೆ. ಪೂರ್ತಿ ಮುಚ್ಚಿದರೆ ಮಲೆನಾಡಿನ ಮಳೆಯಲ್ಲಿ ಸ್ನಾರ್ಕೆಲ್ ತಲೆಯಿಂದ ಇಳಿದ ನೀರು ಏರ್‌ಬಾಕ್ಸಿನಲ್ಲೇ ನಿಂತು ಫಿಲ್ಟರ್ ನೆನೆಯುತ್ತದೆ. ಸರಿಯಾದ ದಾರಿ ಎಂದರೆ ತಳದ ತೂತಿಗೆ ತಿರುಪಿನ ಪ್ಲಗ್ ಹಾಕುವುದು. ನೀರಿಗೆ ಇಳಿಯುವ ದಿನ ಅದು ಬಿಗಿಯಾಗಿರಲಿ. ಉಳಿದ ದಿನ ವಾರಕ್ಕೊಮ್ಮೆ, ಸತತ ಮಳೆ ಇದ್ದರೆ ದಿನಕ್ಕೊಮ್ಮೆ ತೆಗೆದು ನೋಡಿ.

ಜೋಡಿಸುವ ಕ್ರಮ ಹೀಗಿರಲಿ. ಏರ್‌ಬಾಕ್ಸ್ ಮುಚ್ಚಳದ ಫೋಮ್ ಗ್ಯಾಸ್ಕೆಟ್ ಚಪ್ಪಟೆಯಾಗಿದ್ದರೆ ಬದಲಿಸಿ, ಅದರ ಮೇಲೆ ಸಿಲಿಕೋನ್ ಗ್ರೀಸಿನ ತೆಳು ಲೇಪ ಕೊಡಿ. ಸ್ನಾರ್ಕೆಲ್ ದೇಹವನ್ನು ಫೆಂಡರಿಗೆ ಬಿಗಿಯುವ ಸ್ಟಡ್‌ಗಳ ಬುಡಕ್ಕೆ, ಎರಡು ತುಂಡು ಕೂಡುವ ಜಾಗಕ್ಕೆ ಸೀಲಂಟ್ ಹಾಕಿ. ಸೀಲಂಟ್ ಆರಿಸುವಾಗ ಮೂಸಿ ನೋಡಿ, ವಿನೆಗರ್‌ನಂತೆ ಹುಳಿ ವಾಸನೆ ಬಂದರೆ ಅದು ಬೇಡ. ಅದು ಒಣಗುವಾಗ ಬಿಡುವ ಆಮ್ಲ ತಾಮ್ರವನ್ನೂ ಸೆನ್ಸರ್ ಕನೆಕ್ಟರನ್ನೂ ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್, ಸೆನ್ಸರ್ ಸೇಫ್ ಎಂದು ಟ್ಯೂಬಿನ ಮೇಲೆ ಬರೆದದ್ದನ್ನೇ ಕೊಳ್ಳಿ. ಹಾಕಿದ ಮೇಲೆ 24 ಗಂಟೆ ಗಾಡಿ ಸ್ಟಾರ್ಟ್ ಮಾಡಬೇಡಿ.

ಮುಗಿದ ಮೇಲೆ ಪರೀಕ್ಷೆ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಸ್ನಾರ್ಕೆಲ್ ಬಾಯಿಗೆ ದಪ್ಪ ರಬ್ಬರ್ ಹಾಳೆ ಅಂಟಿಸಿದ ಹಲಗೆ ಒತ್ತಿ ಹಿಡಿಯಿರಿ. ಅಂಗೈ ಇಡಬೇಡಿ, ಎಳೆತ ಜೋರಾಗಿರುತ್ತದೆ. ಸರಿಯಾಗಿ ಸೀಲ್ ಆಗಿದ್ದರೆ ಎಂಜಿನ್ ಕೆಲವೇ ಸೆಕೆಂಡುಗಳಲ್ಲಿ ಏದುಸಿರು ಬಿಟ್ಟು ನಿಲ್ಲುತ್ತದೆ. ನಿಲ್ಲದೆ ಓಡುತ್ತಲೇ ಇದ್ದರೆ ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ, ಆ ಗಾಡಿ ನೀರಿಗೆ ಇಳಿಯಕೂಡದು. ಮೆತ್ತನೆಯ ಹೋಸ್ ಒಳಕ್ಕೆ ಕುಸಿಯುತ್ತಿದೆಯೇ ಎಂದೂ ಆಗಲೇ ನೋಡಿ, ಕುಸಿದರೆ ಒಳಗೆ ಸ್ಪ್ರಿಂಗ್ ಇರುವ ಹೋಸ್ ಬೇಕು. ಈ ಪರೀಕ್ಷೆಯನ್ನು ಸ್ನಾರ್ಕೆಲ್ ಹಾಕಿದ ಅಂಗಡಿಯವರ ಮುಂದೆಯೇ ಮಾಡಿಸಿ, ಆಮೇಲೆ ದುಡ್ಡು ಕೊಡಿ.

ಕೋನ್ ಫಿಲ್ಟರ್ ಇದ್ದರೆ

ಎಣ್ಣೆ ಹಚ್ಚಿದ ಹತ್ತಿಯ ಕೋನ್ ಫಿಲ್ಟರ್ ಬಾನೆಟ್ ಒಳಗೆ ಬತ್ತಲೆ ಕೂತಿರುತ್ತದೆ. ಅದರ ಮೇಲೆ ಹಾಕುವ ನೀರು ತಡೆಯುವ ಚೀಲ ಎರಚಿದ ಹನಿಗಳನ್ನು ತಡೆಯುತ್ತದೆ, ಅಷ್ಟೇ. ಫಿಲ್ಟರಿನ ಅರ್ಧ ಭಾಗ ನೀರಲ್ಲಿ ಮುಳುಗಿದರೆ ಎಂಜಿನ್ನಿನ ಎಳೆತದ ಮುಂದೆ ಆ ಚೀಲ ನಿಲ್ಲುವುದಿಲ್ಲ. ಹಳ್ಳ ದಾಟುವ ಗಾಡಿಗೆ ಕೋನ್ ಫಿಲ್ಟರ್ ಬೇಡವೇ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಾರ್ಖಾನೆಯ ಏರ್‌ಬಾಕ್ಸನ್ನು ಮನೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರೆ ಮೇ ಕೊನೆಯಲ್ಲಿ ಅದನ್ನೇ ಮರಳಿ ಕೂರಿಸಿ. ತೆಗೆಯಲು ಮನಸ್ಸಿಲ್ಲದಿದ್ದರೆ ಮುಚ್ಚಿದ ಡಬ್ಬಿಯೊಳಗೆ ಕೂತು ಸ್ನಾರ್ಕೆಲ್‌ಗೆ ಸೇರುವ ಮಾದರಿಯನ್ನು ಮಾತ್ರ ಇಟ್ಟುಕೊಳ್ಳಿ. ಫಿಲ್ಟರಿಗೆ ಎಣ್ಣೆ ಜಾಸ್ತಿ ಹಚ್ಚಿದರೆ ಅದು ಗಾಳಿ ಅಳೆಯುವ ಮಾಫ್ ಸೆನ್ಸರಿನ ಸಣ್ಣ ತಂತಿಗೆ ಅಂಟುತ್ತದೆ, ನೀರಿನ ಹನಿಯೂ ಕೆಸರಿನ ಧೂಳೂ ಅದರ ಮೇಲೆ ಕೂರುತ್ತವೆ, ಗಾಡಿ ಎಳೆಯುವುದನ್ನೇ ಬಿಡುತ್ತದೆ.

ಟರ್ಬೊ ಆಚೆಯ ಹೋಸುಗಳು

ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹಾಕಿಸಿದ ಸಿಲಿಕೋನ್ ಹೋಸಿನಲ್ಲಿ ಒತ್ತಡ ಇರುತ್ತದೆ, ಸೋರಿದರೆ ಗಾಳಿ ಹೊರಗೆ ಹೋಗುತ್ತದೆ, ನೀರು ಒಳಗೆ ಬರಲು ಹೇಗೆ ಸಾಧ್ಯ ಎಂದು ಕೇಳುವವರಿದ್ದಾರೆ. ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಇರುವಾಗ ಆ ಮಾತು ನಿಜ. ಹಳ್ಳದಲ್ಲಿ ನಾವು ಹೋಗುವುದು ಲೋ ರೇಂಜ್ ಮೊದಲ ಗೇರಿನಲ್ಲಿ, ಆಕ್ಸಲರೇಟರ್ ಮೇಲೆ ಕಾಲು ಹಗುರವಾಗಿ. ಆಗ ಬೂಸ್ಟ್ ಇರುವುದಿಲ್ಲ, ಹೋಸಿನೊಳಗೆ ಸ್ವಲ್ಪ ಎಳೆತವೇ ಹುಟ್ಟಬಹುದು. ಇಂಟರ್‌ಕೂಲರ್ ರೇಡಿಯೇಟರ್ ಮುಂದೆ ತಗ್ಗಿನಲ್ಲಿದ್ದರೆ ಮೊದಲು ಮುಳುಗುವ ಭಾಗವೂ ಅದೇ.

ಹಲ್ಲಿನ ಪಟ್ಟಿಯ ಮಾಮೂಲಿ ಕ್ಲಿಪ್ ಸಿಲಿಕೋನನ್ನು ಕೊಯ್ಯುತ್ತದೆ. ಟಿ-ಬೋಲ್ಟ್ ಕ್ಲ್ಯಾಂಪ್ ಬಳಸಿ. ಮಾಮೂಲಿಯದೇ ಹಾಕಬೇಕಾದರೆ ಒಳಗೆ ನಯವಾದ ಪಟ್ಟಿ ಇರುವುದನ್ನು ಆರಿಸಿ, 4ರಿಂದ 5 ನ್ಯೂಟನ್ ಮೀಟರಿಗಿಂತ ಹೆಚ್ಚು ಬಿಗಿಯಬೇಡಿ. ಕ್ಲ್ಯಾಂಪ್ ಪೈಪಿನ ಉಬ್ಬಿದ ಅಂಚಿನ ಹಿಂದೆ ಕೂರಬೇಕು, ಉಬ್ಬಿನ ಮೇಲಲ್ಲ. ಹೋಸ್ ಕೂರಿಸುವ ಮೊದಲು ಪೈಪಿನ ಮೇಲಿನ ಎಣ್ಣೆಯನ್ನು ಪೂರ್ತಿ ಒರೆಸಿ, ಜಾರಿ ಕಳಚುವುದಕ್ಕೆ ಎಣ್ಣೆಯೇ ಕಾರಣ. ಗ್ಯಾರೇಜಿನಲ್ಲಿ 10ರಿಂದ 15 ಪಿಎಸ್‌ಐ ಗಾಳಿ ಕೊಟ್ಟು ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ನೋಡಲಿ. ಆಯಿಲ್ ಮುಚ್ಚಳ ತೆಗೆದಿಟ್ಟೇ ಈ ಪರೀಕ್ಷೆ ಮಾಡಬೇಕು, ಇಲ್ಲದಿದ್ದರೆ ಒತ್ತಡ ಎಂಜಿನ್ ಸೀಲುಗಳ ಮೇಲೆ ಬೀಳುತ್ತದೆ.

ಕ್ಯಾಚ್ ಕ್ಯಾನ್, ಬ್ರೀದರ್

ಕ್ಯಾಚ್ ಕ್ಯಾನ್ ಮೇಲೆ ಪುಟ್ಟ ಫಿಲ್ಟರ್ ಕೂರಿಸಿ ಗಾಳಿಗೆ ಬಿಟ್ಟಿದ್ದರೆ ಎಂಜಿನ್ ಆಯಿಲಿಗೂ ಹೊರಗಿನ ನೀರಿಗೂ ನಡುವೆ ಇರುವುದು ಆ ಒಂದು ಬಟ್ಟೆ ಮಾತ್ರ. ಅದು ಮುಳುಗಿದರೆ ನೀರು ಸೀದಾ ಕ್ರ್ಯಾಂಕ್‌ಕೇಸಿಗೆ. ಆ ಫಿಲ್ಟರ್ ಕಿತ್ತು, ಎಣ್ಣೆ ತಡೆಯುವ ಹೋಸಿನಲ್ಲಿ ಕಾರ್ಖಾನೆ ಇದ್ದಂತೆಯೇ ಫಿಲ್ಟರ್ ನಂತರದ ಇನ್‌ಟೇಕ್ ಪೈಪಿಗೆ ಮರಳಿ ಸೇರಿಸಿ.

ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸಿನ ಬ್ರೀದರುಗಳು ಎಂಜಿನ್ ಭಾಗಗಳಲ್ಲ, ಆದರೂ ಇದೇ ಕೆಲಸದ ಜೊತೆ ಮುಗಿಸಿ. ಘಾಟಿ ಹತ್ತಿ 90 ಡಿಗ್ರಿ ಬಿಸಿಯಾದ ಡಿಫ್ (ಆಕ್ಸಲ್ ನಡುವಿನ ಡಿಫರೆನ್ಶಿಯಲ್) 25 ಡಿಗ್ರಿ ನೀರಿಗೆ ಇಳಿದರೆ ಒಳಗಿನ ಗಾಳಿ ಆರನೇ ಒಂದಕ್ಕಿಂತ ಹೆಚ್ಚು ಕುಗ್ಗುತ್ತದೆ. ಆ ಖಾಲಿಯನ್ನು ತುಂಬಲು ಬ್ರೀದರ್ ನೀರನ್ನೇ ಎಳೆಯುತ್ತದೆ. 6 ಅಥವಾ 8 ಮಿಲಿಮೀಟರಿನ ಇಂಧನ ಹೋಸಿನಿಂದ ಎಲ್ಲವನ್ನೂ ಬಾನೆಟ್ಟಿನ ಮೇಲ್ಭಾಗಕ್ಕೆ ಎತ್ತಿ ಕಟ್ಟಿ, ತುದಿ ಕೆಳಮುಖವಾಗಿರಲಿ.

ವೈರಿಂಗ್: ಐಪಿ67 ಎಂಬ ಅಕ್ಷರಗಳ ನಿಜವಾದ ಅರ್ಥ

ಟ್ಯೂನಿಂಗ್ ಬಾಕ್ಸ್ ಮಾರುವವರು ಐಪಿ67 ಎಂದು ಹೇಳುತ್ತಾರೆ. ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ಅರ್ಧ ಗಂಟೆ ಇಟ್ಟರೆ ಒಳಗೆ ನೀರು ಹೋಗುವುದಿಲ್ಲ ಎಂದಷ್ಟೇ ಅದರರ್ಥ. ಪ್ರೆಷರ್ ಪಂಪಿನ ರಭಸಕ್ಕೆ ಅದು ಭರವಸೆ ಕೊಡುವುದಿಲ್ಲ, ಬಿಸಿ ಬಾನೆಟ್ಟಿನೊಳಗೆ ಕಾದಿದ್ದ ಡಬ್ಬಿ ತಟ್ಟನೆ ತಣ್ಣೀರಿಗೆ ಬಿದ್ದಾಗ ಸೀಲಿನ ಸಂದಿನಿಂದ ಹೀರುವ ನೀರಿಗೂ ಇಲ್ಲ. ಆದ್ದರಿಂದ ರೇಟಿಂಗ್ ಎಷ್ಟೇ ಇರಲಿ, ಡಬ್ಬಿಯನ್ನು ಫೈರ್‌ವಾಲಿನ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಮೇಲ್ಭಾಗದಲ್ಲಿ, ಕನೆಕ್ಟರ್ ಕೆಳಮುಖವಾಗಿ ಕೂರಿಸಿ. ಟರ್ಬೊ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹತ್ತಿರ ಬೇಡ. ಡಬ್ಬಿಗೆ ಬರುವ ವೈರ್ ಅದರ ಕೆಳಗೆ ಒಂದು ಗೇಣು ಇಳಿದು ಮತ್ತೆ ಮೇಲೆ ಹತ್ತಲಿ, ವೈರ್ ಹಿಡಿದು ಹರಿಯುವ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ವೈರ್ ಜೋಡಿಸುವಾಗ ಬೆಸುಗೆ ಹಾಕಿ ಇನ್ಸುಲೇಶನ್ ಟೇಪ್ ಸುತ್ತುವ ಪದ್ಧತಿ ಬಿಡಿ. ಬೆಸುಗೆ ವೈರಿನೊಳಗೆ ಹರಿದು ಅದನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ, ಗಾಡಿಯ ನಡುಕಕ್ಕೆ ಆ ಗಟ್ಟಿ ಭಾಗ ಮುಗಿಯುವಲ್ಲೇ ತುಂಡಾಗುತ್ತದೆ. ಟೇಪಿನ ಅಂಟು ಬಿಸಿಗೆ ಕರಗಿ ಬಿಚ್ಚಿಕೊಂಡು ಒಳಗೆ ನೀರು ನಿಲ್ಲಿಸಿಕೊಳ್ಳುತ್ತದೆ. ಸರಿಯಾದ ಇಕ್ಕಳದಿಂದ ಕ್ರಿಂಪ್ ಮಾಡಿ, ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಎಳೆದು, ಎರಡೂ ತುದಿಯಲ್ಲಿ ಅಂಟು ಉಕ್ಕಿ ಕಾಣುವವರೆಗೆ ಬಿಸಿ ಗಾಳಿ ಕೊಡಿ.

ಡೈಎಲೆಕ್ಟ್ರಿಕ್ ಗ್ರೀಸ್ ಹೋಗಬೇಕಾದ್ದು ಕನೆಕ್ಟರಿನ ರಬ್ಬರ್ ಸೀಲಿಗೆ, ಸ್ಪಾರ್ಕ್ ಪ್ಲಗ್ ಟೋಪಿಯ ಒಳ ಅಂಚಿಗೆ. ಅದು ವಿದ್ಯುತ್ ಹರಿಸುವ ಗ್ರೀಸ್ ಅಲ್ಲ, ಹಾಗಾಗಿ ಸೆನ್ಸರ್ ಪಿನ್ನುಗಳ ಮೇಲೆ ಮೆತ್ತಬೇಡಿ. ರಿಲೇಗಳ ಕಾಲು ಕೆಳಗೆ ಬರುವಂತಿರಲಿ, ಪ್ರತಿ ಹೆಚ್ಚುವರಿ ವೈರಿಗೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲಿ. ಕಾರ್ಖಾನೆಯ ವೈರಿನ ಸಿಪ್ಪೆಗೆ ಚುಚ್ಚಿ ಕಚ್ಚುವ ಸ್ನ್ಯಾಪ್ ಕ್ಲಿಪ್ ಎಲ್ಲಾದರೂ ಇದ್ದರೆ ಇವತ್ತೇ ಕಿತ್ತುಹಾಕಿ. ಆ ಚುಚ್ಚಿದ ತೂತಿನಿಂದ ನೀರು ತಾಮ್ರದ ಎಳೆಗಳ ನಡುವೆ ಹತ್ತಿ, ದೂರದ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕನೆಕ್ಟರಿನವರೆಗೂ ಹೋಗಿ ಹಸಿರು ತುಕ್ಕು ಹಿಡಿಸುತ್ತದೆ. ಆರು ತಿಂಗಳ ನಂತರ ಎಂಜಿನ್ ಲೈಟ್ ಹತ್ತಿದಾಗ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಹಳೆಯ ಪೆಟ್ರೋಲ್ ಜೀಪುಗಳಲ್ಲಿ ಡಿಸ್ಟ್ರಿಬ್ಯೂಟರ್ ಇದ್ದರೆ ಮುಚ್ಚಳದ ಅಂಚಿಗೂ ವೈರ್ ಟೋಪಿಗಳಿಗೂ ಇದೇ ಗ್ರೀಸ್ ತೆಳ್ಳಗೆ ಸಾಕು.

ಫ್ಯಾನ್, ಆಲ್ಟರ್ನೇಟರ್, ಎಕ್ಸಾಸ್ಟ್

ಓಡುತ್ತಿರುವ ಫ್ಯಾನ್ ನೀರಿಗೆ ತಾಗಿದರೆ ರೆಕ್ಕೆಗಳು ದೋಣಿಯ ಪ್ರೊಪೆಲ್ಲರಿನಂತೆ ಮುಂದಕ್ಕೆ ಬಾಗಿ ರೇಡಿಯೇಟರಿನ ಜಾಲಿ ಕೊಯ್ಯುತ್ತವೆ. ಎಲೆಕ್ಟ್ರಿಕ್ ಫ್ಯಾನ್ ಹಾಕಿಸಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಅದನ್ನು ಆರಿಸುವ ಸ್ವಿಚ್ ಬೇಕು, ಜೊತೆಗೆ ಫ್ಯಾನ್ ಆರಿರುವವರೆಗೂ ಉರಿಯುವ ಕೆಂಪು ದೀಪ. ಆ ದೀಪವಿಲ್ಲದೆ ಸ್ವಿಚ್ ಮರೆತು ದಡ ಹತ್ತಿ ಎಂಜಿನ್ ಕಾಯಿಸಿಕೊಳ್ಳುವುದು ತೀರಾ ಸುಲಭ.

ಆಲ್ಟರ್ನೇಟರಿಗೆ ನೀರಿಗಿಂತ ಕೆಮ್ಮಣ್ಣು ದೊಡ್ಡ ಶತ್ರು. ಜಂಬಿಟ್ಟಿಗೆ ನೆಲದ ನುಣುಪು ಕೆಸರು ಒಳಗೆ ಸೇರಿ ಒಣಗಿ ಬ್ರಶ್ಶುಗಳನ್ನು ಅವುಗಳ ಗೂಡಿನಲ್ಲೇ ಕಚ್ಚಿ ಹಿಡಿಯುತ್ತದೆ. ಕೆಸರು ಹಸಿಯಿರುವಾಗಲೇ ಮನೆಯ ಪೈಪಿನ ಸಣ್ಣ ಧಾರೆಯಲ್ಲಿ ತೊಳೆದು ಎಂಜಿನ್ ಓಡಿಸಿ ಒಣಗಿಸಿ.

ಎಕ್ಸಾಸ್ಟ್ ಹೆಡರಿಗೆ ಸುತ್ತಿದ ಬಟ್ಟೆಯ ಪಟ್ಟಿ ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಮೈಲ್ಡ್ ಸ್ಟೀಲ್ ಹೆಡರ್ ಅದರಡಿಯಲ್ಲೇ ಕಾಣದಂತೆ ತುಕ್ಕು ಹಿಡಿದು ತೂತಾಗುತ್ತದೆ. ನೀರಿನ ಗಾಡಿಗೆ ಸ್ಟೇನ್‌ಲೆಸ್ ಹೆಡರ್ ಇಲ್ಲವೇ ಸೆರಾಮಿಕ್ ಲೇಪ ಒಳ್ಳೆಯದು. ಆಮ್ಲಜನಕ ಸೆನ್ಸರಿನ ಒಳಗಿರುವುದು ಸೆರಾಮಿಕ್, ಕೆಂಪಗೆ ಕಾದಿರುವಾಗ ತಣ್ಣೀರು ಬಿದ್ದರೆ ಸೀಳುತ್ತದೆ. ಘಾಟಿ ಹತ್ತಿ ಬಂದ ತಕ್ಷಣ ನೀರಿಗೆ ಇಳಿಯದೆ ದಡದಲ್ಲಿ ಹತ್ತು ಹದಿನೈದು ನಿಮಿಷ ನಿಂತು ಗಾಡಿ ತಣಿಯಲಿ.

ದಾಟುವಾಗ

ಕೋಲು ಹಿಡಿದು ನಡೆದು ನೋಡಿ. ಕಾಲು ನಿಲ್ಲದಷ್ಟು ಸೆಳೆತವಿದ್ದರೆ ಗಾಡಿಯೂ ನಿಲ್ಲುವುದಿಲ್ಲ, ವಾಪಸ್ ತಿರುಗಿ. ರೇಡಿಯೇಟರ್ ಮುಂದೆ ಟಾರ್ಪಾಲಿನ ತುಂಡು ಕಟ್ಟಿದರೆ ಅಲೆ ಮುಂದಕ್ಕೆ ತಳ್ಳಿ ಬಾನೆಟ್ ಒಳಗೆ ನೀರಿನ ಮಟ್ಟ ಇಳಿಯುತ್ತದೆ. ನಾಲ್ಕು ಚಕ್ರದ ಲೋ ರೇಂಜ್, ಮೊದಲ ಅಥವಾ ಎರಡನೇ ಗೇರ್, ಇಳಿಯುವಾಗ ಗಂಟೆಗೆ 3-4 ಕಿಲೋಮೀಟರ್, ಒಳಗೆ 6ರಿಂದ 8. ಮಧ್ಯದಲ್ಲಿ ಗೇರ್ ಬದಲಿಸಬೇಡಿ, ಕ್ಲಚ್ ತುಳಿಯಬೇಡಿ. ಅಲೆಯ ಹಿಂದೆಯೇ ಅದೇ ವೇಗದಲ್ಲಿ ಸಾಗಬೇಕು, ಜೋರಾಗಿ ನುಗ್ಗಿದರೆ ಅಲೆ ಬಾನೆಟ್ ಏರುತ್ತದೆ.

ಎಂಜಿನ್ ನೀರಲ್ಲಿ ನಿಂತುಹೋದರೆ

ಸೆಲ್ಫ್ ಹೊಡೆಯಬೇಡಿ, ಒಂದೇ ಒಂದು ಸಲವೂ ಬೇಡ. ತಾನಾಗಿ ನಿಂತ ಎಂಜಿನ್‌ನಲ್ಲಿ ರಾಡ್ ಇನ್ನೂ ನೆಟ್ಟಗಿರುವ ಸಾಧ್ಯತೆ ಇದೆ. ಒಳಗೆ ನೀರಿರುವಾಗ ಸೆಲ್ಫ್ ಹೊಡೆದರೆ, ಪಕ್ಕದ ಸಿಲಿಂಡರ್ ಹೊತ್ತಿಕೊಂಡುಬಿಟ್ಟರೆ, ಅದು ಬಾಗುತ್ತದೆ. ವಿಂಚ್ ಅಥವಾ ಹಗ್ಗದಿಂದ ಹೊರಗೆ ಎಳೆಸಿ, ಗೇರ್ ನ್ಯೂಟ್ರಲ್‌ನಲ್ಲೇ ಇರಲಿ. ದಡಕ್ಕೆ ಬಂದ ಮೇಲೆ ಬ್ಯಾಟರಿಯ ನೆಗೆಟಿವ್ ತೆಗೆದು ಏರ್‌ಬಾಕ್ಸ್ ಬಿಚ್ಚಿ.

ಫಿಲ್ಟರ್ ಒಣಗಿದ್ದು ಅದರ ಆಚೆಯ ಪೈಪೂ ಒಣಗಿದ್ದರೆ ಬಹುಶಃ ವೈರಿಂಗ್ ತೊಂದರೆ. ಪೈಪಿನಲ್ಲಿ ನೀರು ಕಂಡರೆ ಇಂಟರ್‌ಕೂಲರಿನ ಕೆಳ ಹೋಸ್ ಕಳಚಿ ಬಸಿಯಿರಿ. ಪೆಟ್ರೋಲಾದರೆ ಸ್ಪಾರ್ಕ್ ಪ್ಲಗ್, ಡೀಸೆಲ್ಲಾದರೆ ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್ ತೆಗೆಯಬೇಕು. ತಣ್ಣಗಿರುವ ಗ್ಲೋ ಪ್ಲಗ್ ಜೋರು ಮಾಡಿದರೆ ಹೆಡ್ಡಿನಲ್ಲೇ ಮುರಿಯುತ್ತದೆ, ಕೈ ಪಳಗಿದ ಮೆಕ್ಯಾನಿಕ್ ಬರುವವರೆಗೆ ಕಾಯುವುದೇ ಕ್ಷೇಮ. ಪ್ಲಗ್‌ಗಳೆಲ್ಲ ಹೊರಬಂದ ಮೇಲೆ ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ಎರಡು ಪೂರ್ತಿ ಸುತ್ತು ಕೈಯಲ್ಲೇ ತಿರುಗಿಸಿ. ಸಲೀಸಾಗಿ ತಿರುಗಿದರೆ ಬ್ಯಾಟರಿ ಸೇರಿಸಿ, ಇಂಧನವನ್ನೂ ಇಗ್ನಿಶನ್ನನ್ನೂ ತಪ್ಪಿಸಿ, ಪ್ಲಗ್ ತೂತುಗಳ ಮೇಲೆ ಬಟ್ಟೆ ಹಾಕಿ ಐದು ಸೆಕೆಂಡ್ ಸೆಲ್ಫ್ ಕೊಡಿ, ಉಳಿದ ನೀರು ಚಿಮ್ಮಿ ಬರುತ್ತದೆ. ಪ್ರತಿ ಸಿಲಿಂಡರಿಗೂ ಒಂದು ಚಮಚ ಎಂಜಿನ್ ಆಯಿಲ್ ಹಾಕಿ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಾಫಿಯಂತೆ ಬೆಳ್ಳಗಾಗಿದ್ದರೆ ಅಥವಾ ಮಟ್ಟ ಏರಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಬೇಕು. ಸ್ವಲ್ಪ ಹೊತ್ತು ಓಡಿಸಿ, 50 ಕಿಲೋಮೀಟರ್ ಒಳಗೆ ಮತ್ತೊಮ್ಮೆ ಬದಲಿಸಿ. ಗಾಡಿ ಚೆನ್ನಾಗಿ ಸ್ಟಾರ್ಟ್ ಆದರೂ ಕಂಪ್ರೆಶನ್ ಪರೀಕ್ಷೆ ತಪ್ಪಿಸಬೇಡಿ. ಒಂದು ಸಿಲಿಂಡರ್ ಉಳಿದವುಗಳಿಗಿಂತ ಶೇಕಡಾ 10ಕ್ಕೂ ಹೆಚ್ಚು ಕಡಿಮೆ ತೋರಿಸಿದರೆ ಆ ರಾಡ್ ಕೂದಲೆಳೆಯಷ್ಟು ಬಾಗಿರುವ ಸಂಶಯವಿದೆ. ಬಾಗಿದ ರಾಡ್ ಕೆಲವು ಸಾವಿರ ಕಿಲೋಮೀಟರ್ ಓಡಿ, ಹೆದ್ದಾರಿಯಲ್ಲಿ ಮುರಿದು ಬ್ಲಾಕ್ ಒಡೆಯಬಹುದು.

ಮಾಮೂಲಿ ವಿಮೆ ಈ ನಷ್ಟವನ್ನು ಸಾಮಾನ್ಯವಾಗಿ ಭರಿಸುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಬೇಕು. ಹಾಕಿಸಿದ ಭಾಗಗಳನ್ನು ವಿಮಾ ಕಂಪನಿಗೆ ಬರೆದು ತಿಳಿಸಿರಿ.

ಅದೇ ಸಂಜೆ

ಮನೆಗೆ ಬಂದು ನಾಳೆ ನೋಡೋಣ ಎಂದರೆ ನೀರಿಗೆ ಒಂದು ರಾತ್ರಿ ಸಿಕ್ಕಿತು. ಏರ್‌ಬಾಕ್ಸಿನ ತಳದ ಪ್ಲಗ್ ತೆಗೆದು ನೋಡಿ. ಡಿಪ್‌ಸ್ಟಿಕ್ ಒರೆಸಿ ನೋಡಿ. ಡೀಸೆಲ್ ಫಿಲ್ಟರಿನ ಕೆಳಗಿನ ತಿರುಪಿನಿಂದ ನೀರು ಬಸಿಯಿರಿ. ಎಂಜಿನ್ ಪೂರ್ತಿ ಬಿಸಿಯಾಗುವಂತೆ 20 ನಿಮಿಷ ಓಡಿಸಿ, ಬೆಲ್ಟ್ ಮತ್ತು ಬೇರಿಂಗಿನ ಸದ್ದು ಕೇಳಿ. ವಾಟರ್ ಸರ್ವಿಸಿಗೆ ಕೊಟ್ಟರೆ ಬಾನೆಟ್ ಒಳಗೆ ಪ್ರೆಷರ್ ಗನ್ ಹಿಡಿಯದಂತೆ ಹತ್ತಿರವೇ ನಿಂತು ಹೇಳಿ, ಹಳ್ಳದಲ್ಲಿ ಉಳಿದ ಕನೆಕ್ಟರ್ ಸರ್ವಿಸ್ ಸ್ಟೇಷನ್ನಿನಲ್ಲಿ ಹಾಳಾಗುವುದುಂಟು. ಕಡಲ ತೀರದ ಉಪ್ಪು ನೀರು ತಾಗಿದ್ದರೆ ಅಂದೇ ಸಿಹಿನೀರಿನಲ್ಲಿ ಧಾರಾಳವಾಗಿ ತೊಳೆದು, ಹೊರಗೆ ಕಾಣುವ ಪ್ರತಿ ಕನೆಕ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಮರಳಿ ಕೂರಿಸಿ. ವಾರದ ನಂತರ ಡಿಫ್ ಆಯಿಲಿನ ಪ್ಲಗ್ ಸ್ವಲ್ಪ ಸಡಿಲಿಸಿ ನೋಡಿ. ನೀರು ಆಯಿಲಿಗಿಂತ ಭಾರ, ಇದ್ದರೆ ಮೊದಲು ತೊಟ್ಟಿಕ್ಕುವುದು ಅದೇ.